ಮೊದಲ ರಾತ್ರಿಗೆ ಪರೀಕ್ಷಕರು ಯಾಕೆ?

ಮದುವೆಯ ಮರುದಿನ ಬೆಳಿಗ್ಗೆ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ ಎಂದು ಇದನ್ನು ಓದುವ ಎಲ್ಲ ಹೆಂಗಸರಿಗೂ ಗೊತ್ತುಂಟು. ಮದುಮಗಳ ತಲೆಕೂದಲು ಒದ್ದೆ ಇದೆಯಾ, ಹಾಸಿಗೆಯ ಬಟ್ಟೆ ಒಗೆಯಲು ಬಿದ್ದಿದೆಯಾ, ಅವಳು ನಡೆಯುವುದು ಹೇಗಿದೆ. ಬಾಯಿಬಿಟ್ಟು ಯಾರೂ ಕೇಳುವುದಿಲ್ಲ, ಆದರೆ ಉತ್ತರ ಎಲ್ಲರಿಗೂ ಬೇಕು. ನಾನೂ ಒಂದು ಕಾಲದಲ್ಲಿ ಹಾಗೆ ನೋಡಿದವಳೇ. ಈಗ ನಾಚಿಕೆಯಾಗುತ್ತದೆ.

ಗಡಿಯ ಈಚೆ, ನಮ್ಮ ಕುಟುಂಬದ ಹತ್ತಿರದ ಒಂದು ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ನಿಕಾಹ್ ಆಯಿತು. ಹುಡುಗ ಗಲ್ಫಿನಿಂದ ನಲ್ವತ್ತು ದಿನದ ರಜೆಯಲ್ಲಿ ಬಂದಿದ್ದ. ಅದರಲ್ಲಿ ಹದಿನೈದು ದಿನ ಬಟ್ಟೆ, ಬಂಗಾರ, ಹಾಲ್ ಎಂದು ಹೋಯಿತು. ಉಳಿದ ದಿನಗಳಲ್ಲಿ ಇಬ್ಬರಿಗೂ ಆಗಲಿಲ್ಲ. ಮುಟ್ಟಿದರೆ ಹುಡುಗಿಯ ಮೈ ಮರಗಟ್ಟುತ್ತಿತ್ತು, ತಡೆಯಲಾರದ ನೋವು. ಅತ್ತೆ “ಇಷ್ಟ ಇಲ್ಲದ ಮದುವೆಯಾ?” ಎಂದರು. ಇನ್ನೊಬ್ಬರು ಜಿನ್ನ್ ಎಂದರು, ಮಂತ್ರಿಸಿದ ನೀರು ಬಂತು, ನೂಲು ಬಂತು. ಹುಡುಗನ ಗೆಳೆಯರು ಅವನ ಕೈಗೆ ಒಂದು ಮಾತ್ರೆ ಕೊಟ್ಟರು. ರಜೆ ಮುಗಿಯಿತು, ಅವನು ವಿಮಾನ ಹತ್ತಿದ, ಫೋನಿನಲ್ಲಿ ತಲಾಖಿನ ಮಾತು ಶುರುವಾಯಿತು. ಇಷ್ಟೆಲ್ಲ ಆದ ಮೇಲೆ ಅವಳನ್ನು ಸ್ತ್ರೀರೋಗ ವೈದ್ಯೆಯ ಹತ್ತಿರ ಕರೆದುಕೊಂಡು ಹೋದದ್ದು. ಮೊದಲು ಹೋಗಬೇಕಾದಲ್ಲಿಗೆ ಕೊನೆಗೆ ಹೋದೆವು.

ವೈದ್ಯೆ ಹೇಳಿದ ಹೆಸರು ವಜೈನಿಸ್ಮಸ್. ಹೆದರಿಕೆಯಿಂದಲೋ ನೋವಿನ ನೆನಪಿನಿಂದಲೋ ಯೋನಿಯ ಸುತ್ತಲಿನ ಸ್ನಾಯುಗಳು ತಾವಾಗಿಯೇ ಬಿಗಿಯುತ್ತವೆ. ಕಣ್ಣಿಗೆ ಧೂಳು ಬಂದರೆ ರೆಪ್ಪೆ ಮುಚ್ಚಿದ ಹಾಗೆ. ಅದು ಹಠ ಅಲ್ಲ, ಅವಳು ಬೇಕೆಂದು ಮಾಡುವುದೂ ಅಲ್ಲ. ಬಲವಂತ ಮಾಡಿದಷ್ಟೂ ಬಿಗಿ ಹೆಚ್ಚು. ಸ್ನಾಯು ಸಡಿಲಿಸುವ ವ್ಯಾಯಾಮ, ಸಣ್ಣದರಿಂದ ಶುರುಮಾಡುವ ಡೈಲೇಟರ್‌ಗಳು, ಗಂಡ ಹೆಂಡತಿ ಇಬ್ಬರಿಗೂ ಸಮಾಲೋಚನೆ, ಇವುಗಳಿಂದ ಹೆಚ್ಚಿನವರಿಗೆ ಗುಣವಾಗುತ್ತದೆ. ಅವಳಿಗೂ ಆಯಿತು, ಸ್ವಲ್ಪ ತಿಂಗಳು ಹಿಡಿಯಿತು.

ಇನ್ನು ಹುಡುಗರ ವಿಷಯ. ಅವರ ಮೇಲೂ ನಾವು ಕಡಿಮೆ ಕ್ರೌರ್ಯ ಮಾಡುವುದಿಲ್ಲ. ಗಂಡಸಿನ ಅಂಗ ಗಟ್ಟಿಯಾಗುವುದು ಅಲ್ಲಿಗೆ ರಕ್ತ ಹರಿದು ತುಂಬಿದಾಗ, ಅದಕ್ಕೆ ನರಗಳು ಶಾಂತವಾಗಿರಬೇಕು. ಹೆದರಿಕೆ ಹುಟ್ಟಿದರೆ ದೇಹ ಓಡುವುದಕ್ಕೋ ಹೊಡೆದಾಡುವುದಕ್ಕೋ ಸಿದ್ಧವಾಗುತ್ತದೆ, ಇದಕ್ಕಲ್ಲ. ಹೊರಗೆ ಇಡೀ ಕುಟುಂಬ ಕಾಯುತ್ತಿದೆ ಎಂಬ ಯೋಚನೆಯೇ ಸಾಕು. ಗೆಳೆಯರು ಕೊಡುವ ಸಿಲ್ಡೆನಾಫಿಲ್ ರಕ್ತದ ಹರಿವಿಗೆ ಸಹಾಯ ಮಾಡೀತು, ಆಸೆಯನ್ನು ಹುಟ್ಟಿಸುವುದಿಲ್ಲ, ಹೆಂಡತಿಯ ನೋವನ್ನಂತೂ ಕಡಿಮೆ ಮಾಡುವುದೇ ಇಲ್ಲ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ನುಂಗಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಡಾಕ್ಟರನ್ನು ಕೇಳದೆ ಜೇಬಿನಿಂದ ಜೇಬಿಗೆ ದಾಟಿಸುವ ವಸ್ತು ಅಲ್ಲ ಅದು.

ಹೆಣ್ಣಿನ ದೇಹಕ್ಕೂ ರಕ್ತದ ಹರಿವೇ ಬೇಕು. ಹರಿವು ಹೆಚ್ಚಿದಾಗ ಯೋನಿಯ ಗೋಡೆಯಿಂದ ತೇವ ಒಸರುತ್ತದೆ, ಒಳಗೆ ಅದು ಉದ್ದವೂ ಅಗಲವೂ ಆಗುತ್ತದೆ. ಇದಕ್ಕೆ ಸಮಯ ಬೇಕು, ಭಯವಿಲ್ಲದ ಮನಸ್ಸು ಬೇಕು. ಅಮೆರಿಕದಲ್ಲಿ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಇಬ್ಬರು 382 ಹೆಂಗಸರು ಮತ್ತು 312 ಗಂಡಸರನ್ನು ಅಧ್ಯಯನ ಮಾಡಿ 1966ರಲ್ಲೇ ಇದನ್ನೆಲ್ಲ ಪುಸ್ತಕ ಮಾಡಿದ್ದಾರೆ. ಹೊಸ ಸುದ್ದಿ ಏನಲ್ಲ.

ಹಾಗೆಯೇ ಆ ರಕ್ತದ ಕಲೆ. ಕನ್ಯಾಪೊರೆ ಎಂಬುದು ಬಾಗಿಲಿಗೆ ಹಾಕಿದ ಸೀಲ್ ಅಲ್ಲ, ಹಿಗ್ಗುವ ಚರ್ಮದ ಒಂದು ಅಂಚು, ಒಬ್ಬೊಬ್ಬರಲ್ಲಿ ಒಂದೊಂದು ಆಕಾರ. ಎಷ್ಟೋ ಮಂದಿಗೆ ಮೊದಲ ಸಲ ರಕ್ತ ಬರುವುದೇ ಇಲ್ಲ. ಬಂದರೆ ಅದು ಅವಸರದಿಂದಾದ ಗಾಯವೂ ಇರಬಹುದು. ಕನ್ಯತ್ವ ಪರೀಕ್ಷೆಗೆ ವೈಜ್ಞಾನಿಕ ಆಧಾರವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಡಾಕ್ಟರಿಗೇ ಗೊತ್ತಾಗದ್ದು ಬಟ್ಟೆ ಒಗೆಯುವ ನಮಗೆ ಗೊತ್ತಾಗುತ್ತದಾ?

ಇದನ್ನು ಬರೆದರೆ ಬರುವ ಉತ್ತರ ನನಗೆ ಗೊತ್ತು. ಹಯಾ ಇಲ್ಲವಾ ನಿಮಗೆ, ಇದೆಲ್ಲ ಮಾತಾಡುವ ವಿಷಯವಾ? ಉಮ್ಮು ಸುಲೈಮ್ ಅವರ ಹದೀಸನ್ನು ಈ ಪ್ರಶ್ನೆ ಕೇಳುವವರೂ ಓದಿರುತ್ತಾರೆ. ಹೆಣ್ಣಿಗೆ ಸ್ವಪ್ನಸ್ಖಲನವಾದರೆ ಸ್ನಾನ ಕಡ್ಡಾಯವೇ ಎಂದು ಅವರು ಪ್ರವಾದಿಯವರನ್ನು ನೇರವಾಗಿ ಕೇಳಿದರು. ನೀರು ಕಂಡರೆ ಹೌದು ಎಂಬ ಉತ್ತರ ಬಂತು. ಅಲ್ಲಿದ್ದ ಉಮ್ಮು ಸಲಮಾ ನಾಚಿ ಮುಖ ಮುಚ್ಚಿಕೊಂಡರು, ಆದರೂ ಹೆಣ್ಣಿಗೂ ಹಾಗಾಗುತ್ತದಾ ಎಂದು ಕೇಳದೆ ಬಿಡಲಿಲ್ಲ. ನಾಚಿಕೆಯೂ ಇತ್ತು, ಪ್ರಶ್ನೆಯೂ ಇತ್ತು. ಅನ್ಸಾರಿ ಹೆಂಗಸರಿಗೆ ಕಲಿಯಲು ಲಜ್ಜೆ ಅಡ್ಡಬರಲಿಲ್ಲ ಎಂದು ಆಯಿಶಾ ಬೀವಿ ಹೊಗಳಿದ್ದು ಯಾಕೆ ಮತ್ತೆ? ಇಮಾಮ್ ಗಝ್ಝಾಲಿ ಕೂಡ, ತನ್ನದು ಮುಗಿದೊಡನೆ ಗಂಡ ಏಳಬಾರದು, ಹೆಂಡತಿಗೂ ತೃಪ್ತಿಯಾಗುವ ತನಕ ನಿಲ್ಲಬೇಕು ಎಂದು ಬರೆದಿದ್ದಾರೆ. ಅವರು ತೀರಿಕೊಂಡದ್ದು 1111ರಲ್ಲಿ. ನಮ್ಮ ಮಕ್ಕಳಿಗೆ ಮದರಸದಲ್ಲಿ ಜನಾಬತ್ತಿನ ಸ್ನಾನ ಎಷ್ಟು ಚಂದ ಕಲಿಸುತ್ತೇವೆ! ಆ ಸ್ನಾನ ಯಾಕೆ ಬಂತು ಎಂಬುದನ್ನು ಮಾತ್ರ ಅವರು ಮೊಬೈಲಿನ ಕೊಳಕು ವೀಡಿಯೋದಿಂದ ಕಲಿಯುತ್ತಾರೆ. ಅದರಲ್ಲಿ ಯಾರಿಗೂ ನೋವಾಗುವುದಿಲ್ಲ, ಯಾರಿಗೂ ಸಮಯ ಬೇಕಾಗುವುದಿಲ್ಲ. ಅದನ್ನೇ ನಿಜ ಎಂದು ನಂಬಿದ ಹುಡುಗ ಮದುಮಗಳ ಕೋಣೆಗೆ ಬರುತ್ತಾನೆ.

ಕೇರಳದ ಕೆಲವು ಜಮಾಅತ್‌ಗಳಲ್ಲಿ ಮದುವೆಗೆ ಮುಂಚೆ ಹುಡುಗ ಹುಡುಗಿಯರಿಗೆ ಕ್ಲಾಸ್ ನಡೆಯುತ್ತದೆ, ಒಳ್ಳೆಯದು. ಆದರೆ ಅದರಲ್ಲಿ ಹೆಚ್ಚಿನ ಹೊತ್ತು ತಾಳ್ಮೆ, ಅತ್ತೆ ಮಾವನ ಸೇವೆ, ಖರ್ಚು ಕಡಿಮೆ ಮಾಡುವುದು ಇಷ್ಟರಲ್ಲೇ ಕಳೆಯುತ್ತದೆ. ಅದರಲ್ಲಿ ಒಂದು ಗಂಟೆ ಡಾಕ್ಟರಿಗೆ ಕೊಡಿ. ಹುಡುಗಿಯರಿಗೆ ಲೇಡಿ ಡಾಕ್ಟರ್, ಹುಡುಗರಿಗೆ ಬೇರೆ ಕೋಣೆಯಲ್ಲಿ ಗಂಡು ಡಾಕ್ಟರ್. “ಬೇಡ, ನೋವಾಗುತ್ತದೆ” ಎಂದು ಹೆಂಡತಿ ಹೇಳಿದರೆ ಅಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಹುಡುಗರಿಗೆ ಅಲ್ಲೇ ಬಿಡಿಸಿ ಹೇಳಲಿ. ಹುಡುಗನ ಉಮ್ಮನಿಗೂ ಒಂದು ಕುರ್ಚಿ ಇರಲಿ, ಮುಂದಿನ ಸಾಲಿನಲ್ಲಿ.