ಎಲ್ಲ ರೋಗಕ್ಕೂ ಫಾರ್ಮ್ಯಾಟ್ ಮದ್ದೆ?

ಹೊಳೆನರಸೀಪುರದ ನಿವೃತ್ತ ಅಧ್ಯಾಪಕರೊಬ್ಬರು ಕಳೆದ ಮಳೆಗಾಲದಲ್ಲಿ ಮನೆಯ ಕಂಪ್ಯೂಟರನ್ನು ಸ್ಕೂಟರಿನ ಮುಂದಿಟ್ಟುಕೊಂಡು ಪೇಟೆಯ ಅಂಗಡಿಗೆ ಒಯ್ದರು. ಮೂರು ದಿನಗಳಿಂದ ಅಪ್‌ಡೇಟ್ ಅರ್ಧಕ್ಕೇ ನಿಲ್ಲುತ್ತಿತ್ತು. ನಡುವೆ ಒಮ್ಮೆ ವಿದ್ಯುತ್ ಹೋದ ಮೇಲೆ ಪರದೆಯಲ್ಲಿ ಸುತ್ತುವ ಚುಕ್ಕೆಗಳಲ್ಲದೆ ಬೇರೇನೂ ಕಾಣದಾಯಿತು. ಅಂಗಡಿಯ ಹುಡುಗ ಎರಡು ನಿಮಿಷ ನೋಡಿ, ‘ವಿಂಡೋಸ್ ಹೋಗಿದೆ ಸಾರ್, ಫಾರ್ಮ್ಯಾಟ್ ಹೊಡೀಬೇಕು’ ಎಂದ. ‘ಹೊಡಿಯಪ್ಪ’ ಎಂದರು ಮೇಷ್ಟ್ರು. ಸಂಜೆಗೆ ಯಂತ್ರ ಹೊಸದರಂತೆ ಮನೆಗೆ ಬಂತು. ಡೆಸ್ಕ್‌ಟಾಪಿನ ಮೇಲೆ ಹನ್ನೆರಡು ವರ್ಷ ಕೂಡಿಟ್ಟಿದ್ದ ಸ್ಥಳನಾಮಗಳ ಟಿಪ್ಪಣಿ, ಮೊಮ್ಮಗಳ ನಾಮಕರಣದ ಚಿತ್ರಗಳು ಬರಲಿಲ್ಲ. ‘ಡಿ ಡ್ರೈವ್‌ನಲ್ಲಿ ಇದ್ದದ್ದೆಲ್ಲ ಹಾಗೇ ಇದೆ ಸಾರ್’ ಎಂದು ಹುಡುಗ ಸಮಾಧಾನ ಹೇಳಿದ. ಡಿ ಡ್ರೈವ್‌ನಲ್ಲಿ ಉಳಿದಿದ್ದ ಕನ್ನಡ ಕಡತಗಳನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ.

ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲಿ ವಿಚಾರಿಸಿದರೂ ಇಂಥ ಕಥೆ ಸಿಗುತ್ತದೆ. ಅಪ್‌ಡೇಟ್ ಕೆಟ್ಟರೆ ಫಾರ್ಮ್ಯಾಟ್ ಎಂಬುದು ನಮ್ಮ ಪೇಟೆಗಳಲ್ಲಿ ಗಾದೆಯಷ್ಟೇ ಗಟ್ಟಿಯಾಗಿ ಕುಳಿತಿದೆ. ಅಂಗಡಿಯವರನ್ನು ಇದಕ್ಕಾಗಿ ಬೈಯುವುದು ನ್ಯಾಯವಲ್ಲ. ದೋಷ ಹುಡುಕಲು ಅರ್ಧ ದಿನ ಕೂತರೆ ಅದರ ಕೂಲಿ ಕೊಡುವವರು ಯಾರು? ಫಾರ್ಮ್ಯಾಟ್ ಆದರೆ ಗಂಟೆಯೊಳಗಿನ ಕೆಲಸ, ದರವೂ ಗೊತ್ತಿರುವಂಥದ್ದು. ಆದರೆ ಕೆಟ್ಟ ಅಪ್‌ಡೇಟ್ ಸಾಮಾನ್ಯವಾಗಿ ನಮ್ಮ ಕಡತಗಳನ್ನು ಮುಟ್ಟಿರುವುದೇ ಇಲ್ಲ ಎಂಬ ಸರಳ ಸತ್ಯವನ್ನು ಮನೆಯವರಿಗೆ ಯಾರೂ ಹೇಳುವುದಿಲ್ಲ. ಯಂತ್ರ ಏಳದಿದ್ದರೂ ಹಾರ್ಡ್‌ಡಿಸ್ಕನ್ನು ಬಿಚ್ಚಿ ಬೇರೊಂದು ಕಂಪ್ಯೂಟರಿಗೆ ಜೋಡಿಸಿದರೆ ಚಿತ್ರಗಳೂ ಪತ್ರಗಳೂ ಹೆಚ್ಚಾಗಿ ಇದ್ದಲ್ಲೇ ಇರುತ್ತವೆ. ಅವು ಅಳಿಯುವುದು ಚಿಕಿತ್ಸೆಯಲ್ಲಿ.

ಅಪ್‌ಡೇಟ್ ಏಕೆ ಸೋಲುತ್ತದೆ? ಕಾರಣಗಳು ಬಹುಮಟ್ಟಿಗೆ ನೀರಸವಾದವು. ಸಿ ಡ್ರೈವ್ ತುಂಬಿರುತ್ತದೆ. ಇಳಿಸಿಕೊಂಡ ಕಡತ ಅರ್ಧಕ್ಕೆ ಹಾಳಾಗಿರುತ್ತದೆ. ಹಳೆಯ ಪ್ರಿಂಟರಿನ ಡ್ರೈವರ್ ಅಡ್ಡ ಬಂದಿರುತ್ತದೆ. ಬರೆಯುತ್ತಿರುವಾಗಲೇ ಕರೆಂಟ್ ಹೋಗಿರುತ್ತದೆ. ಆಷಾಢದ ಗಾಳಿಗೆ ದಿನಕ್ಕೆ ನಾಲ್ಕು ಬಾರಿ ವಿದ್ಯುತ್ ಹೋಗುವ ಅರಕಲಗೂಡಿನ ಹಳ್ಳಿಗಳಲ್ಲಿ ಬ್ಯಾಟರಿ ಸತ್ತ ಯುಪಿಎಸ್ ನಂಬಿ ಅಪ್‌ಡೇಟಿಗೆ ಒಪ್ಪಿಗೆ ಕೊಡುವುದು ಸಾಹಸವೇ ಸರಿ.

ಕಾರಣ ಸರಳವಾದರೂ ಅದನ್ನು ತಿಳಿಸುವ ಭಾಷೆ ಸರಳವಾಗಿಲ್ಲ. 2024ರ ಜನವರಿಯ ಪ್ರಸಂಗ ನೆನೆಯಬಹುದು. ಮೈಕ್ರೋಸಾಫ್ಟ್ ಆ ತಿಂಗಳು ವಿಂಡೋಸ್ 10ಕ್ಕೆ ಬಿಡುಗಡೆ ಮಾಡಿದ ಕೆಬಿ5034441 ಎಂಬ ಭದ್ರತಾ ಅಪ್‌ಡೇಟ್ ಜಗತ್ತಿನಾದ್ಯಂತ ಅಸಂಖ್ಯ ಮನೆಗಳಲ್ಲಿ ಸೋತಿತು. ಪರದೆಯ ಮೇಲೆ ಬಂದದ್ದು ‘0ಎಕ್ಸ್80070643’ ಎಂಬ ಸಂಖ್ಯೆ. ನಿಜವಾದ ಕಾರಣವೆಂದರೆ, ಯಂತ್ರ ಕೆಟ್ಟಾಗ ದುರಸ್ತಿಗೆಂದು ಡಿಸ್ಕಿನಲ್ಲಿ ಪ್ರತ್ಯೇಕವಾಗಿ ಕಾದಿರಿಸುವ ಭಾಗದಲ್ಲಿ ಜಾಗ ಸಾಲದೆ ಹೋದದ್ದು. 250 ಎಂಬಿ ಖಾಲಿ ಬೇಕಿತ್ತು. ಆ ಭಾಗವನ್ನು ಕಿರಿದಾಗಿ ಕತ್ತರಿಸಿದ್ದು ಮನೆಯವರಲ್ಲ, ತಂತ್ರಾಂಶ ಸ್ಥಾಪನೆಯ ಸಮಯದಲ್ಲೇ ಅದು ಹಾಗಿತ್ತು. ‘ಜಾಗ ಸಾಲದು’ ಎಂದು ಹೇಳಬೇಕಾದಲ್ಲಿ ತಪ್ಪು ಸಂಖ್ಯೆ ತೋರಿಸಬಹುದೆಂದು ಕಂಪನಿಯೇ ಒಪ್ಪಿಕೊಂಡಿತು. ಬಳಕೆದಾರರೇ ಕಪ್ಪು ಕಿಟಕಿಯಲ್ಲಿ ಆದೇಶಗಳನ್ನು ಟೈಪಿಸಿ ಡಿಸ್ಕಿನ ಭಾಗಗಳನ್ನು ಹಿಗ್ಗಿಸಿಕೊಳ್ಳಬೇಕೆಂಬ ಸೂಚನೆಯನ್ನೂ ಕೊಟ್ಟಿತು! ತೆಂಗಿನ ತೋಟದ ಲೆಕ್ಕ ಬರೆಯಲು ಕಂಪ್ಯೂಟರ್ ಇಟ್ಟುಕೊಂಡ ಚನ್ನರಾಯಪಟ್ಟಣದ ಗೃಹಸ್ಥರು ಇದನ್ನು ಮಾಡಬೇಕೆಂದು ನಿರೀಕ್ಷಿಸುವುದು ಯಾವ ಲೋಕದ ವ್ಯವಹಾರ? ಪರದೆಯನ್ನು ಕನ್ನಡಕ್ಕೆ ಬದಲಿಸಿಕೊಂಡರೂ ದೋಷಸಂಖ್ಯೆ ಸಂಖ್ಯೆಯಾಗಿಯೇ ಉಳಿಯುತ್ತದೆ.

ಹೀಗಾದಾಗ ಎರಡನೆಯ ‘ಮದ್ದು’ ಹುಟ್ಟುತ್ತದೆ: ಅಪ್‌ಡೇಟನ್ನೇ ಶಾಶ್ವತವಾಗಿ ನಿಲ್ಲಿಸುವುದು. ಅದು ಫಾರ್ಮ್ಯಾಟಿಗಿಂತಲೂ ಅಪಾಯಕರ. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬ ಸುಲಿಗೆ ತಂತ್ರಾಂಶ ಜಗತ್ತನ್ನು ಕಾಡಿದಾಗ ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರ್‌ಗಳೂ ಅದಕ್ಕೆ ಸಿಕ್ಕಿಬಿದ್ದವು. ಅದು ನುಗ್ಗಿದ ಬಿರುಕಿಗೆ ತೇಪೆ ಮಾರ್ಚ್ ತಿಂಗಳಲ್ಲೇ ಬಂದಿತ್ತು. ಇಂದು ಪಿಂಚಣಿ, ಬ್ಯಾಂಕು, ಪಹಣಿ ಎಲ್ಲವೂ ಅದೇ ಯಂತ್ರದಲ್ಲಿ ನಡೆಯುತ್ತಿರುವಾಗ ಬಾಗಿಲು ತೆರೆದಿಟ್ಟು ಮಲಗುವಂತಿಲ್ಲ.

ಹಾಗಾದರೆ ಮನೆಯಲ್ಲಿ ಮಾಡಬಹುದಾದದ್ದೇನು? ಮೊದಲು, ಇನ್ನೇನನ್ನೂ ಮುಟ್ಟುವ ಮುನ್ನ, ಬೇಕಾದದ್ದನ್ನು ಪೆನ್‌ಡ್ರೈವಿಗೆ ನಕಲಿಸಿಕೊಳ್ಳಬೇಕು. ಸಿ ಡ್ರೈವಿನಲ್ಲಿ ಇಪ್ಪತ್ತು ಜಿಬಿಯಷ್ಟಾದರೂ ಖಾಲಿ ಮಾಡಿ, ಪ್ರಿಂಟರು ಮೊದಲಾದವುಗಳ ತಂತಿ ಕಳಚಿ ಮತ್ತೊಮ್ಮೆ ಪ್ರಯತ್ನಿಸಿದರೆ ಅನೇಕ ಸಲ ಅಷ್ಟಕ್ಕೇ ಕೆಲಸ ಮುಗಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಟ್ರಬಲ್‌ಶೂಟರ್ ಇದೆ. ಅದಕ್ಕೂ ಬಗ್ಗದಿದ್ದರೆ ಅಪ್‌ಡೇಟ್ ಸೇವೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ವಿಂಡೋಸ್ ಫೋಲ್ಡರಿನೊಳಗಿನ ‘ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್’ ಎಂಬ ಫೋಲ್ಡರಿನ ಹೆಸರು ಬದಲಿಸಿದರೆ ಹಾಳಾದ ಕಡತಗಳು ಬದಿಗೆ ಸರಿದು ಹೊಸತಾಗಿ ಇಳಿಯುತ್ತವೆ. ವ್ಯವಸ್ಥೆಯ ಕಡತಗಳೇ ಕೆಟ್ಟಿದ್ದರೆ ಡಿಐಎಸ್‌ಎಂ ಮತ್ತು ಎಸ್‌ಎಫ್‌ಸಿ ಎಂಬ ಎರಡು ಸಾಧನಗಳು ವಿಂಡೋಸ್ ಒಳಗೇ ಇವೆ. ಯಂತ್ರ ಏಳದೇ ಹೋದಾಗಲೂ ದಾರಿ ಮುಚ್ಚಿಲ್ಲ. ಎರಡು ಮೂರು ಬಾರಿ ಸತತವಾಗಿ ಏಳದಿದ್ದರೆ ದುರಸ್ತಿಯ ನೀಲಿ ಪುಟ ತಾನಾಗಿ ಬರುತ್ತದೆ. ಕೊನೆಗೆ ಹಾಕಿದ ಅಪ್‌ಡೇಟನ್ನು ತೆಗೆದುಹಾಕುವ ಆಯ್ಕೆ ಅಲ್ಲಿದೆ. ಅದೂ ಫಲಿಸದಿದ್ದರೆ ‘ನನ್ನ ಕಡತಗಳನ್ನು ಉಳಿಸಿ’ ಎಂಬ ಷರತ್ತಿನೊಡನೆ ರೀಸೆಟ್ ಮಾಡಬಹುದು. ಆಗ ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ, ಚಿತ್ರ–ಪತ್ರಗಳು ಉಳಿಯುತ್ತವೆ. ಫಾರ್ಮ್ಯಾಟ್ ಬರಬೇಕಾದದ್ದು ಇದೆಲ್ಲ ಆದ ಮೇಲೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕು ಗೂಢಲಿಪಿಯಲ್ಲಿರುವುದುಂಟು. ಇಂಥ ಯಂತ್ರ ದುರಸ್ತಿಯ ಹಾದಿಯಲ್ಲಿ 48 ಅಂಕಿಗಳ ಕೀಲಿಯನ್ನು ಕೇಳಬಹುದು. ಸಾಮಾನ್ಯವಾಗಿ ಅದು ಬಳಕೆದಾರರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಆ ಖಾತೆಯನ್ನು ತೆರೆದವನು ಯಂತ್ರ ಮಾರಿದ ಅಂಗಡಿಯ ಹುಡುಗನಾಗಿದ್ದು, ಗುಪ್ತಪದ ಯಾರಿಗೂ ನೆನಪಿಲ್ಲದಿದ್ದರೆ ಆಗ ಕಡತಗಳು ನಿಜಕ್ಕೂ ಹೋದಂತೆಯೇ. ಕೀಲಿಯನ್ನು ಇಂದೇ ಬರೆದು ರೇಷನ್ ಕಾರ್ಡಿನ ಜೊತೆ ಇಡುವುದು ಲೇಸು.

ಇನ್ನು ಮೇಷ್ಟ್ರ ಡಿ ಡ್ರೈವಿನ ಕಥೆ. ಆ ಕಡತಗಳು ಕೆಟ್ಟಿರಲಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯ ಹಳೆಯ ಆವೃತ್ತಿಗಳಲ್ಲಿ ಟೈಪಿಸಿದ ಬರಹ ಯೂನಿಕೋಡ್‌ನಲ್ಲಿಲ್ಲ, ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟ್ ಇದ್ದರಷ್ಟೇ ಅದು ಕನ್ನಡವಾಗಿ ಕಾಣುತ್ತದೆ. ಫಾರ್ಮ್ಯಾಟ್ ಮಾಡಿದವರು ಮತ್ತೆ ನುಡಿ ಹಾಕಿರಲಿಲ್ಲ, ಅಷ್ಟೆ. ಅದನ್ನು ಹಾಕಿದೊಡನೆ ಅಕ್ಷರಗಳು ಎದ್ದು ನಿಂತವು. ಹೀಗೆ ‘ವೈರಸ್ ಹೊಡೆದಿದೆ’ ಎಂದು ಎಷ್ಟು ಮನೆಗಳಲ್ಲಿ ಸಂಘದ ನಡಾವಳಿ, ವಂಶಾವಳಿ, ಅಚ್ಚಾಗದ ಹಸ್ತಪ್ರತಿಗಳನ್ನು ಅಳಿಸಿಹಾಕಿದ್ದಾರೋ! ಎರಡು ದಶಕಗಳ ಕನ್ನಡ ಬರವಣಿಗೆ ಈ ಫಾಂಟುಗಳ ಹಂಗಿನಲ್ಲಿದೆ. ಅದನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ಸಿಗುತ್ತಿರುವಾಗ ನಾವು ಮುಂದೂಡುತ್ತಿರುವುದೇಕೆ?

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಉಚಿತ ಬೆಂಬಲ ಕೊನೆಗೊಂಡಿತು. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ, ಹಳೆಯ ಪ್ರೊಸೆಸರ್ ಇರುವ ಯಂತ್ರಗಳಿಗೆ ವಿಂಡೋಸ್ 11 ಒಗ್ಗುವುದಿಲ್ಲ. ‘ಗುಜರಿಗೆ ಹಾಕಿ ಸಾರ್’ ಎಂಬ ಸಲಹೆ ಇದರಿಂದ ಹೆಚ್ಚಿದೆ. ಅವಸರ ಬೇಡ. ಭದ್ರತಾ ಅಪ್‌ಡೇಟುಗಳನ್ನು ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಿಸುವ ಯೋಜನೆಯನ್ನು ಕಂಪನಿ ಪ್ರಕಟಿಸಿತು. ತನ್ನ ಖಾತೆಗೆ ಸೆಟ್ಟಿಂಗ್‌ಗಳ ಬ್ಯಾಕಪ್ ಒಪ್ಪಿಸಿದವರಿಗೆ ಹಣವಿಲ್ಲದೆಯೂ ಅದು ದೊರೆಯುವಂತಿತ್ತು. ಪತ್ರ, ಪತ್ರಿಕೆ, ಬ್ಯಾಂಕಿಗಷ್ಟೇ ಕಂಪ್ಯೂಟರ್ ಬಳಸುವ ಮನೆಗೆ ಲಿನಕ್ಸ್ ಕೂಡ ಸಾಕು. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಮುಕ್ತ ತಂತ್ರಾಂಶದಲ್ಲೇ ವರ್ಷಗಳಿಂದ ನಡೆದಿವೆ.

ದುರಸ್ತಿಯ ಮಾತು ಹಾಸನಕ್ಕೆ ಹೊಸತಲ್ಲ. ಇಲ್ಲಿನ ಸಾಲಗಾಮೆ ರಸ್ತೆಯಲ್ಲಿ ಇಸ್ರೊ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವಿದೆ. 1983ರ ಆಗಸ್ಟ್ ಕೊನೆಯಲ್ಲಿ ಹಾರಿದ ಇನ್ಸಾಟ್–1ಬಿ ಉಪಗ್ರಹದ ಸೌರಫಲಕ ಬಿಚ್ಚಿಕೊಳ್ಳದೆ ಅಂಟಿ ಕುಳಿತಿತ್ತು. ಹಿಂದಿನ ವರ್ಷವಷ್ಟೇ ಇನ್ಸಾಟ್–1ಎ ಕೈಬಿಟ್ಟಿತ್ತು. ನಿಯಂತ್ರಕರು ಉಪಗ್ರಹವನ್ನು ಮತ್ತೆ ಮತ್ತೆ ಕದಲಿಸಿ, ಸೆಪ್ಟೆಂಬರ್‌ನಲ್ಲಿ ಫಲಕ ಬಿಡಿಸಿದರು. ವರ್ಷಗಟ್ಟಲೆ ದೂರದರ್ಶನವೂ ಹವಾಮಾನ ವರದಿಯೂ ಅದರಿಂದ ನಡೆದವು. ಅದೇ ರಸ್ತೆಯಲ್ಲಿ 1960ರಲ್ಲಿ ಆರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ. ಜಿಲ್ಲೆಯ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ತಿಂಗಳಿಗೊಂದು ಭಾನುವಾರ ಎಂಜಿನಿಯರಿಂಗ್, ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ರಾಷ್ಟ್ರೀಯ ಸೇವಾ ಯೋಜನೆಯಡಿ ಅಲ್ಲಿ ಕುಳಿತು ಊರವರ ಕಂಪ್ಯೂಟರ್ ನೋಡಿಕೊಡಲು ದೊಡ್ಡ ಅನುದಾನವೇನೂ ಬೇಕಿಲ್ಲ. ಒಂದು ಹೊರಗಿನ ಹಾರ್ಡ್‌ಡಿಸ್ಕು, ಸರಿಯಾದ ಯುಪಿಎಸ್, ಕನ್ನಡದಲ್ಲಿ ಅಚ್ಚು ಮಾಡಿಸಿದ ನಾಲ್ಕು ಪುಟದ ಕೈಪಿಡಿ ಸಾಕು. ಅಂಗಡಿಗಳೂ ದುರಸ್ತಿಗೆ ಬೇರೆ ದರ, ಫಾರ್ಮ್ಯಾಟಿಗೆ ಬೇರೆ ದರ ಬರೆದು ತೂಗುಹಾಕಲಿ. ಕಡತ ಉಳಿಯುವುದಾದರೆ ಇನ್ನೂರು ರೂಪಾಯಿ ಹೆಚ್ಚು ಕೊಡಲು ನಮ್ಮ ಮೇಷ್ಟ್ರು ಹಿಂಜರಿಯುತ್ತಿರಲಿಲ್ಲ. ಅವರನ್ನು ಯಾರೂ ಕೇಳಲಿಲ್ಲ.