ತಾವರೆಯ ಬೀಜಕ್ಕೆ ಸಲ್ಲದ ಜೊತೆಗಳು

ಕಮಲದ ಬೀಜವೆಂದು ಅಂಗಡಿಯಿಂದ ತಂದ ಪೊಟ್ಟಣವನ್ನು ಬಿಚ್ಚಿದೊಡನೆ ಗೃಹಿಣಿಯು ಮಾಡತಕ್ಕ ಮೊದಲ ಕೆಲಸವೆಂದರೆ, ಅದು ನಿಜವಾಗಿಯೂ ಕಮಲದ ಬೀಜವೇ ಎಂದು ಪರೀಕ್ಷಿಸುವುದು. ಬೆಳ್ಳಗೆ ಅರಳಿ, ಬಾಯಿಗಿಟ್ಟೊಡನೆ ಪುರಿಯಂತೆ ಕರಗುವುದು ಮಖಾನ. ಬಿಹಾರದ ದರ್ಭಂಗಾ, ಮಧುಬನಿ ಸೀಮೆಯ ಕೆರೆಗಳಲ್ಲಿ ಬೆಳೆಯುವ ಮುಳ್ಳೆಲೆಯ ಬೇರೊಂದು ಸಸ್ಯದ ಬೀಜವನ್ನು ಹುರಿದು, ಬಡಿದು ಅರಳಿಸಿದ್ದು ಅದು. ನೈದಿಲೆಯ ಬಳಗದ್ದೇ ಹೊರತು ತಾವರೆಯ ಕುಲದ್ದಲ್ಲ. ತಾವರೆಯ ಬೀಜವಾದರೋ ಕಡಲೆಕಾಳಿಗಿಂತ ತುಸು ದೊಡ್ಡದು, ಕಪ್ಪು ಸಿಪ್ಪೆಯದು, ಕಲ್ಲಿನಂತೆ ಗಟ್ಟಿಯಾದದ್ದು. ಚೀನದ ಲಿಯಾವ್ನಿಂಗ್ ಪ್ರಾಂತದ ಬತ್ತಿದ ಕೆರೆಯೊಂದರ ತಳದಲ್ಲಿ ದೊರೆತ, ಸುಮಾರು 1300 ವರ್ಷ ಹಳೆಯ ಬೀಜವೊಂದು ಮೊಳೆತ ವೃತ್ತಾಂತವನ್ನು ವಿಜ್ಞಾನಿಗಳು 1995ರಲ್ಲಿ ಪ್ರಕಟಿಸಿದರು. ಅಂತಹ ಸಿಪ್ಪೆ ಅದರದು!

ಸಿಪ್ಪೆಯನ್ನು ತೆಗೆದರೆ ದಂತವರ್ಣದ ಎರಡು ಬೇಳೆಗಳು. ಅವುಗಳ ನಡುವೆ ಒಂದು ಹಸಿರು ಮೊಳಕೆ. ಬೇಳೆ ಸಪ್ಪೆಯಾಗಿ ತುಸು ಸಿಹಿ, ಮೊಳಕೆ ಕಡುಕಹಿ. ಬೇಳೆಯು ಆಹಾರ, ಮೊಳಕೆಯು ಔಷಧ. ಈ ಭೇದವನ್ನು ಮರೆತ ಮನೆಯಲ್ಲಿಯೇ ತೊಂದರೆಯು ತಲೆದೋರುವುದು.

ಚೀನೀ ವೈದ್ಯರು ಆ ಮೊಳಕೆಯನ್ನು ಬೇರೆಯಾಗಿ ಒಣಗಿಸಿ, ಎದೆಯ ತಳಮಳಕ್ಕೂ ನಿದ್ರಾಹೀನತೆಗೂ ಕಷಾಯವಾಗಿ ಕೊಡುತ್ತ ಬಂದಿದ್ದಾರೆ. ಅದರಲ್ಲಿ ಲಿಯೆನ್ಸಿನೀನ್, ನೆಫೆರೀನ್ ಎಂಬ ಕ್ಷಾರವಸ್ತುಗಳುಂಟು. ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಇವು ರಕ್ತದ ಒತ್ತಡವನ್ನು ತಗ್ಗಿಸಿವೆ. ಹೃದಯದ ಬಡಿತದ ಮೇಲೂ ಪ್ರಭಾವ ಬೀರಿವೆ. ಈಗ ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಮನೆಯ ಹಿರಿಯರು ಹಲವು ವರ್ಷಗಳಿಂದ ರಕ್ತದೊತ್ತಡದ ಮಾತ್ರೆಯನ್ನು ಸೇವಿಸುತ್ತಿರುವವರು. ನಿದ್ದೆ ಬಾರದೆಂದು ಅವರು ಕೊರಗುವುದನ್ನು ಕಂಡು, ಸೊಸೆಯು ಯಾರೋ ಹೇಳಿದರೆಂದು ಮಲಗುವ ಮುನ್ನ ಒಂದು ಲೋಟ ಕಷಾಯವನ್ನು ಭಕ್ತಿಯಿಂದ ಕೊಡುತ್ತಾಳೆ. ಮಾತ್ರೆಯೂ ಕಷಾಯವೂ ಒತ್ತಡವನ್ನು ಒಂದೇ ದಿಕ್ಕಿಗೆ ಎಳೆಯತಕ್ಕವು. ನಡುರಾತ್ರಿ ಬಚ್ಚಲಿಗೆಂದು ಎದ್ದವರಿಗೆ ಕಣ್ಣು ಕತ್ತಲೆ ಬಂದರೆ ಹಿಡಿದುಕೊಳ್ಳಲು ಗೋಡೆಯೂ ಸಿಕ್ಕದು. ಮುಪ್ಪಿನಲ್ಲಿ ಮುರಿದ ಸೊಂಟದ ಮೂಳೆ ಎಂತಹ ದೈನ್ಯವನ್ನು ತರುವುದೆಂಬುದನ್ನು ಬಲ್ಲ ಮನೆಗಳು ಹಲವು. ಇಷ್ಟು ಕಷಾಯಕ್ಕೆ ಮನುಷ್ಯನಲ್ಲಿ ಇಷ್ಟು ಇಳಿತವೆಂದು ಹೇಳಬಲ್ಲ ಅಳತೆಯು ಯಾರ ಕೈಯಲ್ಲೂ ಇಲ್ಲ, ಅಂಜಬೇಕಾದುದು ಅದಕ್ಕಾಗಿಯೇ. ಹೃದಯದ ಬಡಿತವನ್ನು ಹದಗೊಳಿಸುವ ಔಷಧಗಳನ್ನೂ ನಿದ್ರೆಯ ಮಾತ್ರೆಗಳನ್ನೂ ಸೇವಿಸುವವರು ವೈದ್ಯರನ್ನು ಕೇಳದೆ ಈ ಕಹಿಯ ತಂಟೆಗೆ ಹೋಗಬಾರದು. ಕಷಾಯವನ್ನು ನಂಬಿ ಮಾತ್ರೆಯನ್ನೇ ಬಿಟ್ಟುಬಿಡುವುದಂತೂ ಇನ್ನೂ ದೊಡ್ಡ ಅವಿವೇಕ.

ಹಾಗಾದರೆ ಬೇಳೆಯು ನಿರಪಾಯವೇ? ಬಹುಮಟ್ಟಿಗೆ ಹೌದು. ಆದರೆ ಒಣಗಿದ 100 ಗ್ರಾಂ ಬೇಳೆಯಲ್ಲಿ 1300 ಮಿಲಿಗ್ರಾಂಗೂ ಮೀರಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡವು ಸೊರಗಿದವರಲ್ಲಿ ಈ ಲವಣವು ಹೊರಹೋಗದೆ ರಕ್ತದಲ್ಲಿ ಉಳಿಯುವುದು. ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರನೊಲ್ಯಾಕ್ಟೋನ್ ಮೊದಲಾದ ಮಾತ್ರೆಗಳೂ ಅದನ್ನು ಒಳಗೆ ಉಳಿಸತಕ್ಕವೇ. ಎರಡೂ ಸೇರಿದರೆ ಹೃದಯದ ಲಯವೇ ತಪ್ಪಬಹುದು. ಅಂತಹವರಿಗೆ ಹಿಡಿ ಹಿಡಿಯಾಗಿ ಬೇಳೆ ಸಲ್ಲದು.

ಮಲಬದ್ಧತೆಯುಳ್ಳವರಿಗೆ ತಾವರೆಯ ಬೀಜವನ್ನು ಚೀನೀ ವೈದ್ಯವೇ ನಿಷೇಧಿಸಿದೆ. ಭೇದಿಯನ್ನು ಕಟ್ಟುವುದಕ್ಕೆಂದೇ ಅವರು ಅದನ್ನು ಬಳಸುವುದು. ಆದಕಾರಣ ಕಬ್ಬಿಣದ ಮಾತ್ರೆಯನ್ನು ಸೇವಿಸುವ ಬಸುರಿಯರಿಗೆ, ಆ ಮಾತ್ರೆಯಿಂದಲೇ ಹೊಟ್ಟೆ ಬಿಗಿದಿರುವಾಗ, ಇದು ತಕ್ಕ ತಿನಿಸಲ್ಲ. ಕಾಳುಬೀಜಗಳ ಒಗರು ಕಬ್ಬಿಣವನ್ನು ಹೀರಿಕೊಳ್ಳುವುದಕ್ಕೂ ಅಡ್ಡಿ. ಎರಡರ ನಡುವೆ ಒಂದೆರಡು ಗಂಟೆಗಳ ಅಂತರವಿರಲಿ. ಮಧುಮೇಹಿಗಳು ಮರೆಯಬಾರದ ಸಂಗತಿ ಇನ್ನೊಂದು: ಒಣಬೇಳೆಯ ತೂಕದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಪಿಷ್ಟಾದಿಗಳೇ. ಅದನ್ನು ಅನ್ನದ ಲೆಕ್ಕಕ್ಕೆ ಸೇರಿಸಬೇಕೇ ಹೊರತು ಮದ್ದಿನ ಲೆಕ್ಕಕ್ಕಲ್ಲ.

ಇನ್ನು ನಮ್ಮ ಹಿಂದಿನವರ ಮಾತು. ಚರಕಸಂಹಿತೆಯ ಸೂತ್ರಸ್ಥಾನದ 26ನೆಯ ಅಧ್ಯಾಯದಲ್ಲಿ ವಿರುದ್ಧಾಹಾರಗಳ ದೀರ್ಘವಾದ ಪಟ್ಟಿಯುಂಟು. ಹಾಲು ಮೀನುಗಳ ಜೊತೆಯನ್ನೂ ಸಮತೂಕದ ಜೇನುತುಪ್ಪಗಳನ್ನೂ ಎಲ್ಲರೂ ಬಲ್ಲರು. ಆ ಪಟ್ಟಿಯಲ್ಲಿಯೇ ಜೇನಿನೊಡನೆ ಪುಷ್ಕರಬೀಜ, ಅಂದರೆ ತಾವರೆಯ ಬೀಜ, ಸಲ್ಲದೆಂದು ಹೇಳಿರುವುದನ್ನು ಗಮನಿಸಿದವರು ಕಡಿಮೆ. ಇಂದಿನ ಪೋಷಣಶಾಸ್ತ್ರದಲ್ಲಿ ಇಂತಹ ನಿಷೇಧವಿಲ್ಲ. ಅದೇ ಅಧ್ಯಾಯವು ತಾವರೆಯ ದಂಟನ್ನು ಜಲಚರಗಳ ಮಾಂಸದೊಡನೆ ಕೂಡಿಸಬಾರದೆನ್ನುತ್ತದೆ. ಕಾಶ್ಮೀರದವರಾದರೋ ಆ ದಂಟನ್ನು ಮೀನಿನೊಡನೆ ಬೇಯಿಸಿ ಹಬ್ಬದೂಟ ಮಾಡುತ್ತಾರೆ! ಆದರೂ ಆಯುರ್ವೇದದ ಔಷಧವನ್ನು ಸೇವಿಸುತ್ತಿರುವವರು ಆ ವೈದ್ಯದ ಪಥ್ಯವನ್ನೂ ಪಾಲಿಸುವುದು ನ್ಯಾಯ. ಜೇನು ಸವರಿದ ಮಖಾನದ ಡಬ್ಬಿಗಳು ಈಗ ಬೇಕಾದಷ್ಟು ಬಂದಿವೆ. ಮಖಾನವು ಪುಷ್ಕರಬೀಜವಲ್ಲವಾದ್ದರಿಂದ ಚರಕನ ಮಾತು ಅದಕ್ಕೆ ತಗಲುವುದಿಲ್ಲ. ಅದರಲ್ಲಿ ನೋಡಬೇಕಾದುದು ಸಕ್ಕರೆಯ ಪ್ರಮಾಣವನ್ನು.

ಆರೋಗ್ಯವಂತರ ಮನೆಯಲ್ಲಿ ಪಾಯಸ ಮಾಡುವುದಾದರೆ ಸಿಪ್ಪೆ ತೆಗೆದ ಬೇಳೆಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಒಂದೊಂದನ್ನೂ ಸೀಳಿ ಹಸಿರು ಮೊಳಕೆಯನ್ನು ಆರಿಸಿ ತೆಗೆಯಬೇಕು. ನೆನೆದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ ಆಮೇಲೆ ಹಾಲನ್ನು ಬೆರೆಸಬಹುದು. ಸಿಹಿಗೆ ಸಕ್ಕರೆಯೇ ಸಾಕು. ಜೇನಿನ ಸೀಸೆ ಕಪಾಟಿನಲ್ಲಿಯೇ ಇರಲಿ.