ಪಾಠ ಮುಗಿದ ಮೇಲಿನ ಬರಹ

ಬಿ.ಇಡಿ. ಓದುವವರು ಎರಡನೇ ವರ್ಷದಲ್ಲಿ 16 ವಾರ ಇಂಟರ್ನ್‌ಶಿಪ್ ಎಂದು ಶಾಲೆಯಲ್ಲೇ ಇದ್ದು ಕಲಿಯಬೇಕು ಎಂದದ್ದು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ. ಮರುವರ್ಷದಿಂದ ಕೋರ್ಸು ಎರಡು ವರ್ಷದ್ದಾಯಿತು. ಕುಮಟಾದ ಕಮಲಾ ಬಾಳಿಗಾ ಶಿಕ್ಷಣ ಮಹಾವಿದ್ಯಾಲಯಕ್ಕೂ ಇದೇ ನಿಯಮ, ಧಾರವಾಡಕ್ಕೂ ಇದೇ. ಆ ಹೊಸ ಪಠ್ಯಕ್ರಮ ಒತ್ತಿ ಹೇಳಿದ ಇನ್ನೊಂದು ಸಂಗತಿ ರಿಫ್ಲೆಕ್ಟಿವ್ ಡೈರಿ. ಇವತ್ತು ಏನು ಕಲಿಸಿದೆ ಎಂಬುದನ್ನಷ್ಟೇ ಅಲ್ಲ, ಮಕ್ಕಳಿಗೆ ಎಲ್ಲಿ ತೊಡಕಾಯಿತು, ಅದು ಯಾಕಾಯಿತು, ನಾಳೆ ಏನು ಬದಲಿಸಬೇಕು ಎಂಬುದನ್ನೂ ಬರೆದಿಡುವ ಪುಸ್ತಕ ಅದು.

ಇದರ ಪರವಾಗಿರುವ ವಾದ ಗಟ್ಟಿಯಾದದ್ದು. ಪಾಠಯೋಜನೆಯನ್ನು ಬರೆಯುವುದು ತರಗತಿಗೆ ಹೋಗುವ ಮೊದಲು. ಅದರಲ್ಲಿ ಶಿಕ್ಷಕರ ಪ್ರಶ್ನೆಯ ಎದುರಿಗೆ ವಿದ್ಯಾರ್ಥಿಗಳ ಉತ್ತರವನ್ನೂ ನಾವೇ ಬರೆದಿರುತ್ತೇವೆ, ಅದು ಯಾವಾಗಲೂ ಸರಿಯುತ್ತರವೇ. ಹೊನ್ನಾವರದ ಕಾಸರಕೋಡಿನಂಥ ಮೀನುಗಾರಿಕೆಯ ಊರಿನ ಶಾಲೆಯಲ್ಲಿ ಒಬ್ಬಳು ಪ್ರಶಿಕ್ಷಣಾರ್ಥಿ ಲಾಭ-ನಷ್ಟದ ಲೆಕ್ಕ ಮಾಡಿಸುತ್ತಿದ್ದಾಳೆ ಎಂದುಕೊಳ್ಳಿ. ಬಂದರಿನ ಹರಾಜಿನಲ್ಲಿ ಬುಟ್ಟಿ ಎಷ್ಟಕ್ಕೆ ಹೋಯಿತು, ಮಂಜುಗಡ್ಡೆಗೆ ಎಷ್ಟಾಯಿತು, ಕೈಗೆ ಎಷ್ಟು ಉಳಿಯಿತು ಎಂದು ಬಾಯಲ್ಲೇ ಹೇಳಬಲ್ಲ ಹುಡುಗ, ಬೋರ್ಡಿನ ಮೇಲೆ ಶೇಕಡಾ ಲಾಭ ಎಂದು ಕಂಡ ಕೂಡಲೇ ಸುಮ್ಮನಾಗುತ್ತಾನೆ. ಆ ಸಂಜೆ ಡೈರಿ ಬರೆಯದಿದ್ದರೆ ಅವನು ‘ಲೆಕ್ಕದಲ್ಲಿ ಹಿಂದುಳಿದವ’ ಎಂದೇ ಅವಳ ಮನಸ್ಸಿನಲ್ಲಿ ಉಳಿದುಬಿಡಬಹುದು. ಬರೆಯಲು ಕೂತರೆ, ‘ಅವನಿಗೆ ಲಾಭ ಗೊತ್ತಿದೆ, ನೂರಕ್ಕೆ ಎಷ್ಟು ಎಂಬುದು ಗೊತ್ತಿಲ್ಲ’ ಎಂಬ ಸಾಲು ಹೊಳೆಯಬಹುದು. ಮರುದಿನದ ಪಾಠ ಆ ಸಾಲಿನಿಂದಲೇ ಬೇರೆಯಾಗುತ್ತದೆ. ಈ ಒಂದು ಲಾಭಕ್ಕಾಗಿಯೇ ಡೈರಿಯನ್ನು ಉಳಿಸಿಕೊಳ್ಳಬೇಕು ಎಂದು ನನಗನ್ನಿಸುತ್ತದೆ.

ಇದಕ್ಕೆ ಶಾಲೆಯ ಹೊರಗಿನ ಒಂದು ಪುರಾವೆಯೂ ಇದೆ. ಬೆಂಗಳೂರಿನ ವಿಪ್ರೊ ಕಂಪನಿಯ ತರಬೇತಿಯಲ್ಲಿದ್ದ ಹೊಸಬರ ಮೇಲೆ ನಡೆದ ಅಧ್ಯಯನವೊಂದನ್ನು ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 2014ರಲ್ಲಿ ಹೊರತಂದಿತು. ದಿನದ ಕೊನೆಯ 15 ನಿಮಿಷ, ಕಲಿತದ್ದನ್ನು ಯೋಚಿಸಿ ಬರೆದವರು ಅಂತಿಮ ಪರೀಕ್ಷೆಯಲ್ಲಿ ಉಳಿದವರಿಗಿಂತ ಶೇ. 20ಕ್ಕೂ ಹೆಚ್ಚು ಚೆನ್ನಾಗಿ ಮಾಡಿದ್ದರು. ಉಳಿದವರು ಆ 15 ನಿಮಿಷವನ್ನೂ ಎಂದಿನ ಕಲಿಕೆಗೇ ಕೊಟ್ಟಿದ್ದರು. ಡೈರಿಯ ಪರ ಮಾತಾಡುವವರಿಗೆ ಇದು ಇಷ್ಟವಾದ ಉದಾಹರಣೆ. ಆದರೆ ಇದರಲ್ಲಿ ಡೈರಿ ಬೇಡ ಎನ್ನುವವರ ವಾದಕ್ಕೂ ಆಧಾರವಿದೆ. ಅಲ್ಲಿ ಬರೆಯುವ ಹೊತ್ತು ಕೆಲಸದ ಅವಧಿಯ ಒಳಗೇ ಇತ್ತು. ಅಳೆದದ್ದು ಕೊನೆಯ ಪರೀಕ್ಷೆಯನ್ನು, ಬರಹವನ್ನಲ್ಲ.

ನಮ್ಮಲ್ಲಿ ಹೊತ್ತು ಎಲ್ಲಿದೆ? ಭಟ್ಕಳದಿಂದ ಕುಮಟಾಕ್ಕೆ ದಿನವೂ ಹೆದ್ದಾರಿಯಲ್ಲಿ ಬಸ್ಸು ಹಿಡಿದು ಬರುವವಳು ಮನೆ ಸೇರುವಾಗ ಕತ್ತಲಾಗಿರುತ್ತದೆ. ಆಮೇಲೆ ನಾಳೆಯ ಪಾಠಯೋಜನೆ, ಚಾರ್ಟು, ಮನೆಗೆಲಸ. ಡೈರಿ ವಾರದ ಕೊನೆಗೆ ಸರಿಯುತ್ತದೆ, ಆಮೇಲೆ ಸಬ್ಮಿಶನ್ನಿನ ಹಿಂದಿನ ರಾತ್ರಿಗೆ. ಒಂದೇ ರಾತ್ರಿ ಕೂತು 16 ವಾರಗಳ ಮಾತು ಬರೆದರೆ ಅದರಲ್ಲಿ ಮಕ್ಕಳು ಇರುವುದಿಲ್ಲ. ‘ವಿದ್ಯಾರ್ಥಿಗಳು ಆಸಕ್ತಿಯಿಂದ ಪಾಲ್ಗೊಂಡರು’ ಎಂಬ ವಾಕ್ಯ ಪುಟ ಪುಟಕ್ಕೂ ಇರುತ್ತದೆ.

ಅಂಕದ ಪ್ರಶ್ನೆ ಇನ್ನೂ ಕಷ್ಟದ್ದು. ಇವತ್ತು ಪಾಠ ಕೈಕೊಟ್ಟಿತು, ಗದರಿಬಿಟ್ಟೆ, ಒಂದು ಮಗು ಅತ್ತಿತು ಎಂದು ಬರೆದರೆ ಅದನ್ನು ಓದುವವರೇ ಆಂತರಿಕ ಅಂಕ ಹಾಕುವವರು. ಸೋಲನ್ನು ಬರೆದರೆ ಅಂಕ ಹೋದೀತೆಂಬ ಭಯ ಇರುವಲ್ಲಿ, ತಿದ್ದಿಕೊಳ್ಳಬಹುದಾದ ಚಿಕ್ಕ ತಪ್ಪೊಂದನ್ನು ಹುಡುಕಿ ಒಪ್ಪಿಕೊಂಡು ಜಾಣತನ ತೋರಿಸುವುದನ್ನು ಕಲಿಯುತ್ತಾರೆ. ಇಂಥ ಅಭ್ಯಾಸಕ್ಕಿಂತ ಏನನ್ನೂ ಬರೆಯದಿರುವುದೇ ವಾಸಿ ಎನ್ನುವವರ ಮಾತಿನಲ್ಲಿ ಸತ್ಯವಿದೆ. ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ದ ಮೇಷ್ಟ್ರು ಮೊದಲ ದಿನವೇ ಮೌನದ ಆಟ ಆಡಿಸಲು ಹೋಗಿ ತರಗತಿಯೆಲ್ಲ ಗದ್ದಲವಾದದ್ದನ್ನು ಮುಚ್ಚಿಡದೆ ಹೇಳುತ್ತಾನೆ. ಕಥೆಯ ಮೇಷ್ಟ್ರಾದರೂ ಅವನಿಗೆ ಆ ಧೈರ್ಯ ಬಂದದ್ದು, ಒಂದು ವರ್ಷ ನಿನ್ನ ಪ್ರಯೋಗ ಮಾಡು ಎಂದು ಶಿಕ್ಷಣಾಧಿಕಾರಿ ತರಗತಿಯನ್ನು ಬಿಟ್ಟುಕೊಟ್ಟಿದ್ದರಿಂದ.

ಹಾಗಾದರೆ ಅಂಕ ತೆಗೆದುಬಿಡೋಣವೇ? ಅದೂ ಸುಲಭವಲ್ಲ. ಅಂಕವಿಲ್ಲದ ಕೆಲಸ ನಮ್ಮ ಕಾಲೇಜುಗಳಲ್ಲಿ ಮೊದಲು ಬಿಟ್ಟುಹೋಗುವ ಕೆಲಸ. ಬರೆಯುವ ಹವ್ಯಾಸ ಮೊದಲೇ ಇರುವವರು ಬರೆಯುತ್ತಾರೆ. ಡೈರಿಯ ಅಗತ್ಯ ನಿಜಕ್ಕೂ ಹೆಚ್ಚಿರುವ, ಬರೆದು ರೂಢಿಯಿಲ್ಲದವರು ಹೊರಗುಳಿಯುತ್ತಾರೆ. ಪ್ರಾಮಾಣಿಕತೆಯನ್ನು ಅಳೆಯಲಾಗದಿದ್ದರೂ, ಕಂಡದ್ದನ್ನು ಕಂಡಂತೆ ಬರೆದಿದ್ದಾರೆಯೇ, ಕಾರಣ ಕೇಳಿಕೊಂಡಿದ್ದಾರೆಯೇ, ಮುಂದಿನ ಪಾಠದಲ್ಲಿ ಏನಾದರೂ ಬದಲಾಯಿತೇ ಎಂಬುದನ್ನು ಓದಿ ಹೇಳಬಹುದು ಎನ್ನುವ ಅಧ್ಯಾಪಕರ ವಾದವನ್ನು ನಾನು ತಳ್ಳಿಹಾಕಲಾರೆ. ಒಂದು ಪುಟವಾದರೂ ಬರೆದವರಿಗೆಲ್ಲ ಒಂದೇ ಅಂಕ ಎಂಬುದು ನಡುವಿನ ದಾರಿ. ಅದರಲ್ಲಿ ಭಯ ಕಡಿಮೆ, ಆದರೆ ಚೆನ್ನಾಗಿ ಬರೆದವರಿಗೆ ಬೇಸರವಾಗುವುದೂ ನಿಜ. ಆ ಬೇಸರವನ್ನು ಒಪ್ಪಿಕೊಂಡೇ ನಾನು ಈ ದಾರಿಯನ್ನು ಆರಿಸುತ್ತೇನೆ.

ಭಾಷೆಯ ಮಾತು ಈ ಕರಾವಳಿಯಲ್ಲಿ ಬೇರೆಯೇ ತೂಕದ್ದು. ಭಟ್ಕಳದಲ್ಲಿ ಮನೆಯ ಮಾತು ನವಾಯತಿಯಾಗಿ, ಉರ್ದುವಿನಲ್ಲಿ ಓದಿ ಬಂದವರಿದ್ದಾರೆ. ಹೊನ್ನಾವರ, ಕುಮಟಾಗಳಲ್ಲಿ ಕೊಂಕಣಿಯವರು, ಹವ್ಯಕರು, ಹಾಲಕ್ಕಿಗಳು ಇದ್ದಾರೆ. ಪಾಠವನ್ನು ಪುಸ್ತಕದ ಕನ್ನಡದಲ್ಲಿ ಮಾಡಲೇಬೇಕು, ಅದಕ್ಕೆ ತಕರಾರಿಲ್ಲ. ಆದರೆ ಮನಸ್ಸಿನ ಗೊಂದಲವನ್ನೂ ಅದೇ ಕನ್ನಡದಲ್ಲಿ ಬರೆಯಿರಿ ಎಂದರೆ ಗೊಂದಲ ಬಿಟ್ಟುಹೋಗಿ ವ್ಯಾಕರಣ ಮಾತ್ರ ಉಳಿಯುತ್ತದೆ. ಇಷ್ಟದ ಭಾಷೆಯಲ್ಲಿ ಬರೆಯಲಿ ಎನ್ನುವುದಕ್ಕೂ ಉತ್ತರ ಸಿದ್ಧವಾಗಿದೆ: ಬಿ.ಇಡಿ. ಮುಗಿಸಿ ಸರ್ಕಾರಿ ಕನ್ನಡ ಶಾಲೆಗೆ ಹೋಗುವವರಿಗೆ ಆ ಕನ್ನಡದ ಅಭ್ಯಾಸ ಬೇಡವೇ? ಬೇಕು. ಅದಕ್ಕೆ ಪಾಠಯೋಜನೆ ಇದೆ, ಪರೀಕ್ಷೆ ಇದೆ. ಡೈರಿಯ ಮೇಲೆ ಆ ಹೊರೆಯನ್ನೂ ಹೇರುವುದು ನನಗೆ ಸರಿಕಾಣುವುದಿಲ್ಲ.

ಕೊನೆಗೆ ಓದುವವರ ಕಷ್ಟ. ಕೋರ್ಸಿನ ಕೊನೆಗೆ ಎಲ್ಲ ಡೈರಿಗಳೂ ಒಟ್ಟಿಗೆ ಮೇಜಿಗೆ ಬಂದರೆ ಸಹಿ ಹಾಕುವುದು ಬಿಟ್ಟು ಬೇರೇನೂ ಸಾಧ್ಯವಿಲ್ಲ. ಇಂಟರ್ನ್‌ಶಿಪ್ ನಡೆಯುತ್ತಿರುವಾಗಲೇ, ಮಧ್ಯದಲ್ಲಿ ಒಮ್ಮೆಯಾದರೂ ಓದಿ, ಕಾಸರಕೋಡಿನ ಆ ಹುಡುಗನಿಗೆ ನೂರು ರೂಪಾಯಿಯ ಮೀನಿನಿಂದಲೇ ಶುರುಮಾಡು ಎಂಬಂಥ ಒಂದು ಸಾಲು ಅಂಚಿನಲ್ಲಿ ಬರೆದು ಹಿಂದಿರುಗಿಸಬೇಕು. ಆ ಓದಿಗೆ ಅಧ್ಯಾಪಕರ ವೇಳಾಪಟ್ಟಿಯಲ್ಲಿ ಜಾಗ ಕೊಡಲಾಗದ ಕಾಲೇಜು ಈ ಡೈರಿಯನ್ನು ಕೇಳದಿರುವುದೇ ಒಳ್ಳೆಯದು.